ರಿಪೋರ್ಟ್ ನಾರ್ಮಲ್ ಅಂತ ನಾನೇ ಹೇಳಿದ್ದೆ: ದೊಡ್ಡವ್ವನ ಹೊಟ್ಟೆಯ ಗಡ್ಡೆಗೆ ಹೆಸರು ಸಿಕ್ಕ ಕತೆ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಹಾಸ್ಟೆಲ್ ರೂಮಲ್ಲಿ ಮಲಗಿ ಕೇಳ್ತಿದ್ದೀರೋ ಗೊತ್ತಿಲ್ಲ. ಸ್ವಲ್ಪ ಹೊತ್ತು ನನ್ನ ಜೊತೆ ಇರಿ.

ಗುಂಡ್ಲುಪೇಟೆ ಅಂದ್ರೆ ನಿಮ್ಮಲ್ಲಿ ತುಂಬ ಜನಕ್ಕೆ ನೆನಪಾಗೋದು ಹಳದಿ ಬಣ್ಣ. ಊಟಿಗೋ ವಯನಾಡಿಗೋ ಹೋಗುವಾಗ ರಸ್ತೆ ಪಕ್ಕ ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಗಾಡಿ ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿರ್ತೀರಿ. ಆ ಫೋಟೋದ ಮೂಲೆಯಲ್ಲಿ ಯಾರೋ ಒಬ್ಬಳು ಬಗ್ಗಿ ಹೂವು ಬಿಡಿಸ್ತಿರೋದು ಕಂಡರೂ ಕಂಡಿರಬಹುದು. ನಮ್ಮ ದೊಡ್ಡವ್ವ ಹಾಗೆ ಹೂವು ಬಿಡಿಸೋಳು. ತೆರಕಣಾಂಬಿ ಕಡೆಯ ಒಂದು ಹಳ್ಳಿ. ವಯಸ್ಸು ಐವತ್ತೆಂಟು. ಇವತ್ತಿನ ಮಾತು ಅವಳ ಹೊಟ್ಟೆಯಲ್ಲಿ ಬೆಳೆದ ಒಂದು ಗಡ್ಡೆಯ ಬಗ್ಗೆ, ಮತ್ತೆ ನಾನು ಫೋನಲ್ಲಿ ಹೇಳಿದ ಒಂದು ವಾಕ್ಯದ ಬಗ್ಗೆ.

ಮೊದಲು ನನ್ನ ಪರಿಚಯ ಹೇಳ್ಬಿಡ್ತೀನಿ. ನಾನು ಡಾಕ್ಟರ್ ಅಲ್ಲ. ಮೈಸೂರಿನ ಒಂದು ಲ್ಯಾಬ್‌ನಲ್ಲಿ ಹಿಸ್ಟೋಪೆಥಾಲಜಿ ಟೆಕ್ನಿಷಿಯನ್. ನಿಮ್ಮ ಮನೆಯವರಿಗೆ ಯಾರಿಗಾದರೂ ಬಯಾಪ್ಸಿ ಮಾಡಿದ್ರೆ, ಆ ತುಣುಕು ಫಾರ್ಮಾಲಿನ್ ಡಬ್ಬಿಯಲ್ಲಿ ನನ್ನಂಥೋರ ಹತ್ತಿರ ಬರುತ್ತೆ. ನಾವು ಅದರ ನೀರಿನಂಶ ತೆಗೆದು, ಮೇಣದ ಅಚ್ಚಿನಲ್ಲಿ ಕೂರಿಸಿ, ಮೈಕ್ರೋಟೋಮ್ ಅನ್ನೋ ಮಿಷನ್‌ನಲ್ಲಿ ನಾಲ್ಕು ಮೈಕ್ರಾನ್ ತೆಳುವಾಗಿ ಕೊಯ್ತೀವಿ. ಒಂದು ಮಿಲಿಮೀಟರನ್ನು 250 ಹಾಳೆ ಮಾಡಿದ್ರೆ ಒಂದು ಹಾಳೆ ಎಷ್ಟೋ ಅಷ್ಟು. ಆಮೇಲೆ ಗಾಜಿನ ಮೇಲೆ ಎತ್ತಿಕೊಂಡು ಬಣ್ಣ ಹಾಕಿ ಡಾಕ್ಟರ ಮುಂದೆ ಇಡ್ತೀವಿ. ಏನು ಕಾಯಿಲೆ ಅಂತ ಹೇಳೋದು ಅವರು. ಅವರು ನೋಡೋಹಾಗೆ ಮಾಡಿಕೊಡೋದು ನಾವು.

ಈ ಕೆಲಸ ಮಾಡಿಕೊಂಡು ನಾನು ಆ ತಪ್ಪು ಮಾಡಿದೆ. ಅದಕ್ಕೇ ಈ ಕತೆ ಹೇಳ್ಬೇಕು ಅನ್ನಿಸಿದ್ದು.

"ಗ್ಯಾಸ್ಟ್ರಿಕ್ ಕನ ಮೊಗ"

ಒಂದು ವರ್ಷದಿಂದ ದೊಡ್ಡವ್ವನಿಗೆ ಊಟ ಆದ ಮೇಲೆ ಹೊಟ್ಟೆ ಭಾರ. "ಒಂದು ಕಲ್ಲು ಕುಂತಂಗಾಯ್ತದ ಕನ ಮೊಗ" ಅನ್ನೋಳು. ನಮ್ಮ ಕಡೆ ಎದೆಯಿಂದ ಹೊಕ್ಕುಳವರೆಗೆ ಏನೇ ಆದ್ರೂ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಮೆಡಿಕಲ್ ಸ್ಟೋರಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗೋ ಮಾತ್ರೆ ಬಂತು. ಮಂಡಿ ನೋವಿಗೆ ಇನ್ನೊಂದು ಮಾತ್ರೆ ಮೊದಲಿಂದಲೂ ಇತ್ತು. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆಯೂ ಇತ್ತು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಫೆಬ್ರವರಿಯಲ್ಲಿ ಅಣ್ಣ, ಅಂದ್ರೆ ದೊಡ್ಡವ್ವನ ಮಗ, ಅವಳನ್ನ ಚಾಮರಾಜನಗರಕ್ಕೆ ಕರ್ಕೊಂಡು ಹೋದ. ಅಲ್ಲಿ ಎಂಡೋಸ್ಕೋಪಿ ಮಾಡಿದ್ರು. ಬಾಯಿಂದ ಕ್ಯಾಮೆರಾ ಪೈಪ್ ಇಳಿಸಿ ಹೊಟ್ಟೆ ಒಳಗೆ ನೋಡೋದು. ಒಂದು ಕಡೆ ಗೋಡೆ ಉಬ್ಬಿತ್ತು. ಆದ್ರೆ ಉಬ್ಬಿನ ಮೇಲಿನ ಪೊರೆ ನಯವಾಗಿತ್ತು, ಹುಣ್ಣಿಲ್ಲ, ರಕ್ತ ಇಲ್ಲ. ಸಣ್ಣ ಇಕ್ಕಳದಲ್ಲಿ ನಾಲ್ಕೈದು ಚೂರು ಚಿವುಟಿ ಬಯಾಪ್ಸಿಗೆ ಕಳಿಸಿದ್ರು.

ವಾರದ ಮೇಲೆ ಅಣ್ಣ ವಾಟ್ಸಾಪಲ್ಲಿ ರಿಪೋರ್ಟ್ ಕಳಿಸಿದ. ನಾನು ಊಟದ ಬ್ರೇಕಲ್ಲಿದ್ದೆ. ಓದಿದೆ. "ಸೌಮ್ಯ ಸ್ವರೂಪದ ದೀರ್ಘಕಾಲದ ಜಠರದ ಉರಿಯೂತ. ಪರೀಕ್ಷಿಸಿದ ಅಂಗಾಂಶದಲ್ಲಿ ಕ್ಯಾನ್ಸರ್ ಲಕ್ಷಣಗಳಿಲ್ಲ." ತಕ್ಷಣ ಫೋನ್ ಮಾಡ್ದೆ. ಸ್ಪೀಕರ್‌ಗೆ ಹಾಕಿಸಿ ಎಲ್ಲರಿಗೂ ಕೇಳೋಹಾಗೆ ಹೇಳ್ದೆ: "ರಿಪೋರ್ಟ್ ನಾರ್ಮಲ್ ದೊಡ್ಡವ್ವ. ಏನೂ ಇಲ್ಲ. ಆರಾಮಾಗಿರು."

ಅಣ್ಣ ಕಳಿಸಿದ್ದು ಎರಡು ಫೋಟೋ. ಎರಡನೇದು ಎಂಡೋಸ್ಕೋಪಿ ರಿಪೋರ್ಟು. ಅದರ ಕೊನೇ ಸಾಲಲ್ಲಿ ಬರೆದಿತ್ತು: ಪೊರೆಯ ಕೆಳಗಿನ ಗಡ್ಡೆ, ಸುಮಾರು ನಾಲ್ಕು ಸೆಂಟಿಮೀಟರ್, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಿ. ಆ ಫೋಟೋನ ನಾನು ದೊಡ್ಡದು ಮಾಡಿ ನೋಡಲೇ ಇಲ್ಲ. ಅಲ್ಲಿನ ಡಾಕ್ಟರು ತಪ್ಪು ಮಾಡಿರಲಿಲ್ಲ. ಲ್ಯಾಬಿನವರೂ ತಪ್ಪು ಮಾಡಿರಲಿಲ್ಲ. ಮನೆಯಲ್ಲಿ ಎಲ್ಲರೂ ನಂಬಿದ್ದು ಮಾತ್ರ ಲ್ಯಾಬಲ್ಲಿ ಕೆಲಸ ಮಾಡೋ ಹುಡುಗನ ಮಾತನ್ನ.

ಹೋಳಿಗೆ ಮೇಲಿನ ಕಣಕ

ಬಯಾಪ್ಸಿ ಮಾಡಿದ್ರೂ ಗಡ್ಡೆ ಯಾಕೆ ಸಿಗಲಿಲ್ಲ? ಹೋಳಿಗೆ ನೆನಪು ಮಾಡ್ಕೊಳ್ಳಿ. ಹೊರಗೆ ಕಣಕ, ಒಳಗೆ ಹೂರಣ. ಮೇಲಿಂದ ಉಗುರಲ್ಲಿ ಒಂದು ಚೂರು ಚಿವುಟಿ ಬಾಯಿಗೆ ಹಾಕ್ಕೊಂಡ್ರೆ ಬರೀ ಕಣಕ. ಒಳಗಿರೋದು ಬೇಳೆಯೋ ಕಾಯಿಯೋ ಗೊತ್ತಾಗಲ್ಲ. "ಇದರಲ್ಲಿ ಹೂರಣವೇ ಇಲ್ಲ" ಅಂದ್ರೆ ಅದು ತಪ್ಪು, ಅಲ್ವಾ?

ಹೊಟ್ಟೆಯ ಗೋಡೆ ಹಾಗೇ ಪದರ ಪದರ. ಒಳಗಡೆ ಊಟ ತಾಗೋ ಪೊರೆ. ಅದರ ಕೆಳಗೆ ಮೆತ್ತನೆ ಪದರ, ರಕ್ತನಾಳಗಳು ಓಡಾಡೋ ಜಾಗ. ಅದರ ಕೆಳಗೆ ಊಟ ಅರೆಯೋ ದಪ್ಪ ಸ್ನಾಯು. ಎಲ್ಲಕ್ಕೂ ಹೊರಗೆ ತೆಳುವಾದ ಹೊದಿಕೆ. ನಾವು ಸಾಮಾನ್ಯವಾಗಿ ಹೊಟ್ಟೆ ಕ್ಯಾನ್ಸರ್ ಅನ್ನೋದು ಮೇಲಿನ ಪೊರೆಯಲ್ಲೇ ಹುಟ್ಟೋದು. ಅದಕ್ಕೆ ಇಕ್ಕಳದ ಬಯಾಪ್ಸಿ ಸರಿಯಾದ ಪರೀಕ್ಷೆ. ಆದ್ರೆ ಕೆಲವು ಗಡ್ಡೆ ಹುಟ್ಟೋದೇ ಕೆಳಗಿನ ಪದರಗಳಲ್ಲಿ. ಇಕ್ಕಳ ಕಚ್ಚೋದು ಎರಡು ಮೂರು ಮಿಲಿಮೀಟರ್, ಗಡ್ಡೆವರೆಗೆ ಹೋಗೋದೇ ಇಲ್ಲ. ಬರೋ ರಿಪೋರ್ಟ್ ಗಡ್ಡೆ ಮೇಲಿನ ಪೊರೆಯದ್ದು. ಅದಕ್ಕೇ "ಪರೀಕ್ಷಿಸಿದ ಅಂಗಾಂಶದಲ್ಲಿ" ಅಂತ ಬರೀತಾರೆ. ಇಂಥ ಸಾಲಿರೋ ಎಷ್ಟು ರಿಪೋರ್ಟ್ ನನ್ನ ಕೈಯಲ್ಲಿ ಹೋಗಿದೆಯೋ. ದೊಡ್ಡವ್ವನದು ಬಂದಾಗ ಆ ಎರಡು ಪದ ಕಣ್ಣಿಗೆ ಬೀಳಲಿಲ್ಲ.

ಜುಲೈ

ಜುಲೈ ಅಂದ್ರೆ ಹೂವಿನ ಕಾಲ. ಒಂದು ಬೆಳಿಗ್ಗೆ ಹೊಲದಲ್ಲಿ ದೊಡ್ಡವ್ವ ಕುಸಿದು ಕೂತಳು. ಕಣ್ಣು ಕತ್ತಲೆ. ಕೇಳಿದಾಗ ನಾಲ್ಕು ದಿನದಿಂದ ಮಲ ಕಪ್ಪಗೆ ಹೋಗ್ತಿದೆ ಅಂದಳು. "ಕಬ್ಬಿಣದ ಮಾತ್ರೆ ನುಂಗ್ತಿನಲ್ಲ, ಅದ್ಕೆ ಅಂತ ಸುಮ್ಕಿದ್ದಿ" ಅಂತ.

ಇದನ್ನ ಎಲ್ಲರೂ ತಿಳ್ಕೊಂಡಿರಬೇಕು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗೋದು ನಿಜ. ಆದ್ರೆ ಹೊಟ್ಟೆಯಲ್ಲಿ ರಕ್ತ ಸೋರಿದಾಗ ಬರೋ ಕಪ್ಪು ಬೇರೆ. ರಸ್ತೆಗೆ ಹಾಕೋ ಡಾಂಬರಿನ ಥರ ಅಂಟಂಟು, ಕೆಟ್ಟ ವಾಸನೆ. ಜೊತೆಗೆ ತಲೆಸುತ್ತು, ಸುಸ್ತು ಇದ್ರೆ ಮಾತ್ರೆ ಮೇಲೆ ತಪ್ಪು ಹಾಕಿ ಕೂರಬಾರದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ಹಿಮೋಗ್ಲೋಬಿನ್ 6.2 ಇತ್ತು. ಬೇಗೂರು, ನಂಜನಗೂಡು ದಾಟಿ ಮೈಸೂರಿಗೆ ಅರವತ್ತು ಕಿಲೋಮೀಟರ್. ನಾನು ಆಸ್ಪತ್ರೆ ಗೇಟ್‌ನಲ್ಲಿ ಕಾಯ್ತಿದ್ದೆ. ಸ್ಟ್ರೆಚರ್ ಮೇಲೆ ಅವಳ ಅಂಗೈ ನೋಡಿದ್ರೆ ಸುಣ್ಣ ಬಳಿದಂಗಿತ್ತು. ರಕ್ತ ಕೊಟ್ರು. ಮತ್ತೆ ಎಂಡೋಸ್ಕೋಪಿ. ಈ ಸಲ ಅದೇ ಉಬ್ಬಿನ ನೆತ್ತಿ ಮೇಲೆ ಸಣ್ಣ ಹುಣ್ಣು, ಅಲ್ಲಿಂದ ರಕ್ತ ಸೋರಿತ್ತು. ಒಳಗಿನ ಗಡ್ಡೆ ದೊಡ್ಡದಾಗ್ತಾ ಮೇಲಿನ ಪೊರೆಯನ್ನ ಒತ್ತಿ ಒತ್ತಿ ಹಾಗಾಗುತ್ತಂತೆ. ಮಂಡಿ ನೋವಿನ ಮಾತ್ರೆಯೂ ಕೈಜೋಡಿಸಿರಬಹುದು ಅಂದ್ರು.

ಡಾಕ್ಟರ್ ಹಳೇ ಫೈಲ್ ತಿರುವಿ ಹಾಕಿ ಕೇಳಿದ್ರು: "ಫೆಬ್ರವರಿಯಲ್ಲೇ ಅಲ್ಟ್ರಾಸೌಂಡ್ ಬರೆದಿದ್ದಾರಲ್ಲ, ಯಾಕೆ ಮಾಡಿಸಲಿಲ್ಲ?" ಅಣ್ಣ ನನ್ನ ಮುಖ ನೋಡಲಿಲ್ಲ. ನೆಲ ನೋಡ್ತಾ ನಿಂತ. ಅವನು ಬೈದಿದ್ರೆ ಚೆನ್ನಾಗಿರ್ತಿತ್ತು.

ವಾರ್ಡಿನ ಹೊರಗೆ ನೆಂಟರ ಮಾತು ಶುರುವಾಯ್ತು. ಗಡ್ಡೆ ಅಂದ ಮೇಲೆ ಕ್ಯಾನ್ಸರೇ ಅಂದ್ರು ಒಬ್ಬರು. ಚಾಕು ತಾಗಿಸಬೇಡಿ, ಗಾಳಿ ಬಡಿದ್ರೆ ಮೈಯೆಲ್ಲ ಹರಡ್ತದೆ ಅಂದ್ರು ಇನ್ನೊಬ್ಬರು. ಇದು ಸುಳ್ಳು, ಗಾಳಿ ತಾಗಿದ್ದಕ್ಕೆ ಯಾವ ಗಡ್ಡೆಯೂ ಹರಡಲ್ಲ. ಆದ್ರೆ ಆ ಹೊತ್ತಲ್ಲಿ ನಾನು ಬಾಯಿ ಬಿಟ್ಟರೆ ಯಾರು ಕೇಳ್ತಾರೆ? ಚಿಕ್ಕಮ್ಮ ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆ ಕಟ್ಟಿಕೊಂಡಳು.

ಯಾವ ಪದರ?

ಎರಡು ದಿನ ಬಿಟ್ಟು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಆಯ್ತು. ಎಂಡೋಸ್ಕೋಪಿ ಪೈಪಿನ ತುದಿಯಲ್ಲೇ ಸ್ಕ್ಯಾನಿಂಗ್ ಯಂತ್ರ ಇರುತ್ತೆ. ಹೊಟ್ಟೆ ಒಳಗಿಂದಲೇ ಗೋಡೆಯನ್ನ ಸ್ಕ್ಯಾನ್ ಮಾಡ್ತಾರೆ. ಪರದೆ ಮೇಲೆ ಗೋಡೆ ಐದು ಪಟ್ಟಿಯಾಗಿ ಕಾಣುತ್ತೆ. ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ಗಡ್ಡೆ ಯಾವ ಪಟ್ಟಿಯಿಂದ ಎದ್ದಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಆದಂಗೆ.

ಮೂರನೇ ಪಟ್ಟಿ, ಅಂದ್ರೆ ಮೆತ್ತನೆ ಪದರದಲ್ಲಿ, ಬೆಳ್ಳಗೆ ಕಂಡ್ರೆ ಅದು ಬಹುತೇಕ ಲೈಪೋಮಾ, ಕೊಬ್ಬಿನ ಗಂಟು. ಇಕ್ಕಳದಲ್ಲಿ ಒತ್ತಿದ್ರೆ ದಿಂಬಿನ ಥರ ತಗ್ಗಾಗಿ ಮತ್ತೆ ಮೇಲೆ ಬರುತ್ತೆ. ಸಿಟಿ ಸ್ಕ್ಯಾನ್‌ನಲ್ಲಿ ಕೊಬ್ಬಿನ ಸಾಂದ್ರತೆಯೇ ಕಾಣೋದ್ರಿಂದ ಎಷ್ಟೋ ಸಲ ಬಯಾಪ್ಸಿಯೇ ಬೇಡ. ಹೊಟ್ಟೆಯ ಕೆಳತುದಿಯಲ್ಲಿ, ನಡುವೆ ಹೊಕ್ಕುಳಿನಂಥ ಗುಳಿ ಇರೋ ಉಬ್ಬು ಕಂಡ್ರೆ ಅದು ದಾರಿ ತಪ್ಪಿ ಬಂದ ಮೇದೋಜೀರಕ ಗ್ರಂಥಿಯ ತುಣುಕು ಇರಬಹುದು. ತಾಯಿ ಹೊಟ್ಟೆಯಲ್ಲಿದ್ದಾಗಲೇ ಅಲ್ಲಿ ಸೇರಿಕೊಂಡಿರೋದು. ತೊಂದರೆ ಕೊಡದಿದ್ರೆ ಅದರ ಪಾಡಿಗೆ ಬಿಡ್ತಾರೆ. ವ್ಯಾನೆಕ್ ಅನ್ನೋರು 1949ರಲ್ಲಿ ವಿವರಿಸಿದ ಉರಿಯೂತದ ನಾರುಗಂಟು ಇನ್ನೊಂದು. ರಕ್ತನಾಳದ ಸುತ್ತ ಹುಟ್ಟೋ ಗ್ಲೋಮಸ್ ಗಡ್ಡೆ ಮತ್ತೊಂದು. ಇವೆಲ್ಲ ಅಪರೂಪ, ಬಹುಪಾಲು ನಿರುಪದ್ರವಿ.

ಕಷ್ಟ ಇರೋದು ನಾಲ್ಕನೇ ಪಟ್ಟಿಯಲ್ಲಿ, ಸ್ನಾಯುವಿನ ಪದರದಲ್ಲಿ. ಅಲ್ಲಿ ಕಪ್ಪಗೆ ಕಾಣೋ ಗಡ್ಡೆ ಮುಖ್ಯವಾಗಿ ಮೂರರಲ್ಲಿ ಒಂದು. ಸ್ನಾಯುವಿನದೇ ಆದ ಲಿಯೋಮಯೋಮಾ, ನಿರುಪದ್ರವಿ. ನರದ ಹೊದಿಕೆಯಿಂದ ಬೆಳೆಯೋ ಶ್ವಾನ್ನೋಮಾ, ಅದೂ ಹೆಚ್ಚುಕಮ್ಮಿ ಯಾವಾಗಲೂ ನಿರುಪದ್ರವಿ, ತುಂಬ ಅಪರೂಪ. ಮೂರನೇದು ಜಿಸ್ಟ್. ಈ ಪದರದಲ್ಲಿ ಹೆಚ್ಚು ಸಿಗೋದು ಇದೇ. ಸಣ್ಣದಿದ್ದಾಗ ಸುಮ್ಮನಿರಬಹುದು, ದೊಡ್ಡದಾದ್ರೆ ಲಿವರ್‌ಗೆ ಹರಡಬಹುದು. ಸ್ಕ್ಯಾನಲ್ಲಿ ಮೂರೂ ಒಂದೇ ತಾಯಿ ಮಕ್ಕಳ ಥರ.

ದೊಡ್ಡವ್ವನದು ನಾಲ್ಕನೇ ಪಟ್ಟಿ. ಐದು ಸೆಂಟಿಮೀಟರ್. ಸಿಟಿ ಸ್ಕ್ಯಾನಲ್ಲಿ ಪಕ್ಕದ ಎರಡು ಹಾಲ್ರಸ ಗ್ರಂಥಿ ಊದಿಕೊಂಡಿದ್ದವು. ಗ್ರಂಥಿ ಊದಿದೆ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾಯ್ತು. ಡಾಕ್ಟರ್ ಮಾತ್ರ ಗಾಬರಿಯಾಗಲಿಲ್ಲ. "ಈಗ ನಾನು ಜಿಸ್ಟ್ ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ. ರಕ್ತ ಸೋರಿದೆ, ಸೈಜ್ ದೊಡ್ಡದಿದೆ, ತೆಗೀಬೇಕು. ಇಡೀ ಹೊಟ್ಟೆ ತೆಗೆಯೋದು ಬೇಡ, ಗಡ್ಡೆ ಮತ್ತೆ ಸುತ್ತ ಸ್ವಲ್ಪ ಗೋಡೆ ಸಾಕು" ಅಂದ್ರು. ಆಯುಷ್ಮಾನ್ ಕಾರ್ಡಿನ ಓಡಾಟ ಅಣ್ಣ ಮಾಡಿದ. ಲ್ಯಾಪ್ರೋಸ್ಕೋಪಿಯಲ್ಲಿ, ಸಣ್ಣ ತೂತುಗಳಿಂದ, ಆಪರೇಷನ್ ಆಯ್ತು.

ನಮ್ಮ ಟೇಬಲ್ ಮೇಲೆ

ಆ ಗಡ್ಡೆ ಬಂದಿದ್ದು ನಾನು ಕೆಲಸ ಮಾಡೋ ಲ್ಯಾಬಿಗೇ. ಡಬ್ಬಿ ಮೇಲೆ ದೊಡ್ಡವ್ವನ ಹೆಸರು. ಸೀನಿಯರ್ ಕೇಳಿದ್ರು, "ನೀನು ಮಾಡ್ತೀಯಾ, ಬೇರೆಯವರಿಗೆ ಕೊಡ್ಲಾ?" ಬೇರೆಯವರಿಗೆ ಕೊಡಿ ಸಾರ್ ಅಂದೆ. ಕೈ ನಡುಗಿದ್ರೆ ಸೆಕ್ಷನ್ ಹರಿದುಹೋಗುತ್ತೆ. ಪಕ್ಕದಲ್ಲಿ ನಿಂತೆ ಅಷ್ಟೆ. ಮೈಕ್ರೋಟೋಮ್‌ನಿಂದ ಮೇಣದ ರಿಬ್ಬನ್ ಇಳಿದು ಬಿಸಿನೀರಲ್ಲಿ ತೇಲ್ತು. ದಿನಾ ನೋಡೋದೇ. ಅವತ್ತು ಮಾತ್ರ ಉಸಿರು ಬಿಗಿಹಿಡಿದಿದ್ದೆ.

ಮೊದಲನೇ ಬಣ್ಣದಲ್ಲಿ ಕಂಡಿದ್ದು ಕದಿರಿನ ಆಕಾರದ ಕೋಶಗಳು. ಮೇಲೆ ಹೇಳಿದ ಮೂರೂ ಗಡ್ಡೆಯಲ್ಲಿ ಹೀಗೇ ಕಾಣಬಹುದು. ಬರೀ ಕಣ್ಣಿಗೆ ಬೇರೆ ಮಾಡೋದು ಕಷ್ಟ. ಇದರ ಹಿಂದೆ ಒಂದು ಇತಿಹಾಸವೇ ಇದೆ. ಮೊದಲೆಲ್ಲ ಇಂಥವನ್ನ ಹೆಚ್ಚಾಗಿ ಸ್ನಾಯುವಿನ ಗಡ್ಡೆ ಅಂತಲೇ ಬರೀತಿದ್ರು. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು ಇವುಗಳಲ್ಲಿ ಒಂದು ಗುಂಪಿಗೆ ಕಿಟ್ ಅನ್ನೋ ಜೀನಿನ ದೋಷ ಕಾರಣ ಅಂತ ತೋರಿಸಿದ್ರು. ಅವು ಕಹಾಲ್ ಕೋಶಗಳ ಬಳಗದ್ದು. ಹೊಟ್ಟೆ, ಕರುಳು ತಾಳಕ್ಕೆ ತಕ್ಕಂತೆ ಅಲುಗೋಹಾಗೆ ಮಾಡೋ ಕೋಶಗಳು ಅವು. 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಕಹಾಲ್ ಹೆಸರನ್ನೇ ಅವಕ್ಕೆ ಇಟ್ಟಿರೋದು. ಕಿಟ್ ಗೊತ್ತಾದ ಮೇಲೆ ಇಮ್ಯಾಟಿನಿಬ್ ಮಾತ್ರೆ ಜಿಸ್ಟ್‌ಗೂ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತು. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಇಲ್ಲ ಅಂದಿದ್ದು ಇದೇ ಮಾತ್ರೆ ವಿಷಯದಲ್ಲಿ. ಈಗ ಯೋಚಿಸಿ. ಜಿಸ್ಟ್ ಆಗಿದ್ರೆ ಆ ಮಾತ್ರೆ ವರ್ಷಗಟ್ಟಲೆ ನುಂಗಬೇಕಾಗಬಹುದು. ಶ್ವಾನ್ನೋಮಾ ಆಗಿದ್ರೆ ಒಂದು ಮಾತ್ರೆಯೂ ಬೇಡ. ಹೆಸರು ಗೊತ್ತಾಗೋದು ಅಂದ್ರೆ ಇಷ್ಟು.

ಹೆಸರು ಪತ್ತೆ ಮಾಡೋ ಪರೀಕ್ಷೆಗೆ ಲ್ಯಾಬಲ್ಲಿ ಐಎಚ್‌ಸಿ ಅಂತೀವಿ. ಒಂದೊಂದು ಗಡ್ಡೆಯ ಕೋಶದಲ್ಲೂ ಅದರದ್ದೇ ಆದ ಪ್ರೋಟೀನ್ ಇರುತ್ತೆ. ಅದಕ್ಕೆ ಮಾತ್ರ ಅಂಟಿಕೊಳ್ಳೋ ಆಂಟಿಬಾಡಿ ಹಾಕಿದ್ರೆ, ಪ್ರೋಟೀನ್ ಇರೋ ಕಡೆ ಕಂದು ಬಣ್ಣ ಬರುತ್ತೆ. ಜಿಸ್ಟ್‌ಗೆ ಸಿಡಿ 117 ಮತ್ತು ಡಾಗ್ 1. ಸ್ನಾಯುವಿಗೆ ಡೆಸ್ಮಿನ್. ನರದ ಹೊದಿಕೆಗೆ ಎಸ್ 100.

ಸಿಡಿ 117 ಹಾಕಿದ್ರು. ಗಡ್ಡೆಯ ಕೋಶಗಳು ಬಣ್ಣ ಹಿಡೀಲಿಲ್ಲ. ಆದ್ರೆ ನಡುವೆ ಅಲ್ಲೊಂದು ಇಲ್ಲೊಂದು ಮಾಸ್ಟ್ ಕೋಶ ಕಂದಾಗಿ ಕೂತಿತ್ತು. ಅವು ಯಾರ ಮೈಯಲ್ಲಿದ್ರೂ ಈ ಬಣ್ಣ ಹಿಡೀತವೆ. ಅವು ಹಿಡಿದಿವೆ ಅಂದ್ರೆ ಬಣ್ಣ ಸರಿಯಾಗಿ ಕೆಲಸ ಮಾಡಿದೆ, ಗಡ್ಡೆಯಲ್ಲಿ ನಿಜವಾಗ್ಲೂ ಆ ಪ್ರೋಟೀನ್ ಇಲ್ಲ ಅಂತ ಅರ್ಥ. ಡಾಗ್ 1 ಕೂಡ ಇಲ್ಲ. ಡೆಸ್ಮಿನ್ ಇಲ್ಲ. ಕೊನೇ ಸ್ಲೈಡು ಎಸ್ 100. ಮೇಡಂ ಮೈಕ್ರೋಸ್ಕೋಪಿಂದ ತಲೆ ಎತ್ತಿ, "ಬಾ, ನೀನೇ ನೋಡು" ಅಂದ್ರು. ಇಡೀ ಗಡ್ಡೆ ಕಂದು. ರಾಗಿ ಹೊಲದ ಮಣ್ಣಿನ ಥರ ಕಂದು. ಗಡ್ಡೆಯ ಅಂಚಿನಲ್ಲಿ ಬೇಲಿ ಹಾಕಿದಂಗೆ ಲಿಂಫೋಸೈಟ್ ಕೋಶಗಳ ಸಾಲು. ಅದೂ ಹೊಟ್ಟೆಯ ಶ್ವಾನ್ನೋಮಾದ ಗುರುತು. ಊದಿದ್ದ ಗ್ರಂಥಿಗಳಲ್ಲಿ ಗಡ್ಡೆ ಇರಲಿಲ್ಲ, ಬರೀ ಊತ. ಶ್ವಾನ್ನೋಮಾ ಇದ್ದಾಗ ಪಕ್ಕದ ಗ್ರಂಥಿ ಹೀಗೆ ಊದೋದುಂಟು. ಪೆಟ್ ಸ್ಕ್ಯಾನಲ್ಲೂ ಇದು ಕ್ಯಾನ್ಸರ್ ಥರಾನೇ ಹೊಳೆಯುತ್ತೆ. ಸ್ಕ್ಯಾನ್ ನೋಡಿ ಎದೆ ಒಡ್ಕೋಬಾರದು ಅನ್ನೋದು ಇದಕ್ಕೇ.

ಈ ಸಲ ನಾನು ಫೋನ್ ಮಾಡ್ಲಿಲ್ಲ. ಮೇಡಂ ಸಹಿ ಹಾಕಿ, ಸರ್ಜನ್ ಓದಿ, ಅವರೇ ದೊಡ್ಡವ್ವನ ಮಂಚದ ಹತ್ತಿರ ಬಂದು ಹೇಳೋವರೆಗೆ ಕಾದೆ.

"ಕ್ಯಾನ್ಸರ್ ಅಲ್ಲಮ್ಮ. ಪೂರ್ತಿ ತೆಗೆದಿದ್ದೀವಿ. ಇದರ ಹೆಸರು ಶ್ವಾನ್ನೋಮಾ."

ಅಣ್ಣನ ಮಗಳು ಹತ್ತನೇ ಕ್ಲಾಸು. ತಟ್ಟನೆ ಅಂದಳು, "ಶ್ವಾನ ಅಂದ್ರೆ ನಾಯಿ ಅಲ್ವಾ?" ಸರ್ಜನ್ ನಕ್ಕುಬಿಟ್ರು. ಥಿಯೋಡೋರ್ ಶ್ವಾನ್ ಅಂತ ಜರ್ಮನಿಯ ವಿಜ್ಞಾನಿ, ನರದ ಹೊದಿಕೆಯ ಕೋಶಕ್ಕೆ ಅವರ ಹೆಸರು ಅಂತ ಹೇಳಿದ್ರು. ಯಾರು ಕೇಳ್ತಾರೆ? ನಮ್ಮೂರಲ್ಲಿ ಇವತ್ತಿಗೂ ಅದು ನಾಯಿಗಡ್ಡೆ. "ಆಪ್ರೇಸನ್ ಮಾಡಿ ನಾಯ್‌ಗಡ್ಡ ತಗುದ್ರು" ಅಂತ ದೊಡ್ಡವ್ವನೇ ಹೇಳ್ಕೊಂಡು ತಿರುಗ್ತಾಳೆ. ಡಾಗ್ 1 ಇಲ್ಲ ಅಂತ ಬಂದ ಮೇಲೆ ಶ್ವಾನ ಸಿಕ್ತು ಅಂತ ನಮ್ಮ ಲ್ಯಾಬಲ್ಲೂ ಒಂದು ಜೋಕ್ ಆಗಿದೆ.

ನೀವು ಕೇಳಬೇಕಾದ ನಾಲ್ಕು ಪ್ರಶ್ನೆ

ಕತೆ ಸುಖಾಂತ್ಯ ಆಯ್ತು ಅಂತ ಹೊಟ್ಟೆಯ ಗಡ್ಡೆ ಎಲ್ಲ ನಿರುಪದ್ರವಿ ಅಂದ್ಕೋಬೇಡಿ. ಇಂಥ ಅಪರೂಪದ ಗಡ್ಡೆಗಳಿಗಿಂತ ಹೊಟ್ಟೆಯ ಕ್ಯಾನ್ಸರ್ ಎಷ್ಟೋ ಪಾಲು ಹೆಚ್ಚು. ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯೋದು, ನುಂಗೋಕೆ ಕಷ್ಟ, ಪದೇ ಪದೇ ವಾಂತಿ, ರಕ್ತಹೀನತೆ, ಇವು ಇದ್ರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗ್ತಾ ಕೂರಬೇಡಿ.

ಮನೆಯಲ್ಲಿ ರಿಪೋರ್ಟ್ ಓದೋದು ಈಗ ನೀವೇ. ಅಪ್ಪ ಅಮ್ಮ ಫೋಟೋ ಕಳಿಸೋದು ನಿಮಗೇ. ಹೊಟ್ಟೆಯಲ್ಲಿ ಉಬ್ಬಿದೆ ಅಂತ ಬರೆದಿದ್ರೆ ಡಾಕ್ಟರನ್ನ ನಾಲ್ಕು ಪ್ರಶ್ನೆ ಕೇಳಿ.

ಒಂದು, ಬಯಾಪ್ಸಿಯಲ್ಲಿ ಸಿಕ್ಕಿದ್ದು ಗಡ್ಡೆಯ ತುಣುಕಾ, ಬರೀ ಮೇಲಿನ ಪೊರೆಯದ್ದಾ?

ಎರಡು, ಗಡ್ಡೆ ಯಾವ ಪದರದಲ್ಲಿದೆ? ಅದನ್ನ ನೋಡೋ ಅಲ್ಟ್ರಾಸೌಂಡ್ ಬೇಕಾ?

ಮೂರು, ಸೈಜ್ ಎಷ್ಟು, ಈಗ ತೆಗೆಯೋದಾ ಅಥವಾ ನೋಡ್ತಾ ಇರೋದಾ? ಸಾಮಾನ್ಯವಾಗಿ ಎರಡು ಸೆಂಟಿಮೀಟರಿಗಿಂತ ಸಣ್ಣದಾಗಿ, ತೊಂದರೆ ಕೊಡದೆ, ಅನುಮಾನದ ಲಕ್ಷಣ ಇಲ್ಲದೆ ಇದ್ರೆ ಕಾಯಬಹುದು ಅಂತಾರೆ. ಕಾಯಿರಿ ಅಂದ್ರೆ ಮುಂದಿನ ಪರೀಕ್ಷೆ ಯಾವ ತಿಂಗಳು ಅಂತ ಬರೆಸಿಕೊಳ್ಳಿ.

ನಾಲ್ಕು, ತೆಗೆದ ಗಡ್ಡೆಗೆ ಐಎಚ್‌ಸಿ ಆಗಿದೆಯಾ? ಇನ್ನೊಬ್ಬರ ಅಭಿಪ್ರಾಯ ಬೇಕು ಅನ್ನಿಸಿದ್ರೆ ಮತ್ತೆ ಆಪರೇಷನ್ ಬೇಕಾಗಿಲ್ಲ. ಮೇಣದ ಬ್ಲಾಕ್ ಲ್ಯಾಬಲ್ಲೇ ಇರುತ್ತೆ, ಕೇಳಿ ಪಡೆದು ಬೇರೆ ಕಡೆ ತೋರಿಸಬಹುದು.

ಇನ್ನೊಂದು ಮಾತು ನನ್ನಂಥೋರಿಗೆ, ನರ್ಸಿಂಗ್, ಫಾರ್ಮಸಿ, ಲ್ಯಾಬ್ ಓದ್ತಿರೋ ಹುಡುಗ ಹುಡುಗಿಯರಿಗೆ. ಊರಲ್ಲಿ ನಾವೇ ಅರ್ಧ ಡಾಕ್ಟರು. ನಮ್ಮ ಒಂದು "ಏನಿಲ್ಲ ಬಿಡಿ" ಅನ್ನೋ ಮಾತಿಗೆ ಜನ ಫೈಲ್ ಮುಚ್ಚಿ ಅಟ್ಟದ ಮೇಲೆ ಇಡ್ತಾರೆ. ಗೊತ್ತಿಲ್ಲದಿದ್ರೆ "ಎಲ್ಲ ಪೇಜು ಕಳಿಸಿ, ಡಾಕ್ಟರನ್ನ ಕೇಳಿ ಹೇಳ್ತೀನಿ" ಅನ್ನಿ. ಅದರಿಂದ ನಮ್ಮ ಮರ್ಯಾದೆ ಏನೂ ಹೋಗಲ್ಲ.

ಡಿಸ್ಚಾರ್ಜ್ ದಿನ ದೊಡ್ಡವ್ವನ ಹತ್ತಿರ ಹೇಳ್ದೆ. ಫೆಬ್ರವರಿಯಲ್ಲಿ ಎರಡನೇ ಕಾಗದ ನಾನು ಓದಲಿಲ್ಲ, ತಪ್ಪು ನನ್ನದು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಡಿಸ್ಚಾರ್ಜ್ ಕಾಗದದ ಕಟ್ಟು ನನ್ನ ಕೈಗೆ ಕೊಟ್ಟು ಅಂದಳು:

"ಆಗ್ಲಿ ಬುಡು ಮೊಗ. ಈಗ ಎಲ್ಲಾನೂ ಓದು. ಕೊನಗಂಟ ಓದು. ನಾ ಕೂತಿರ್ತಿನಿ."

ಮಂಚದ ಮೇಲೆ ಕೂತು ಒಂದೊಂದೇ ಹಾಳೆ ಜೋರಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳ್ದೆ. ಹದಿನೇಳು ಹಾಳೆ ಇತ್ತು.

ಮನೆಗೆ ಫೋನ್ ಮಾಡಿದಾಗ ರಿಪೋರ್ಟಿನ ಎರಡನೇ ಪೇಜೂ ಕಳಿಸೋಕೆ ಹೇಳಿ. ನಮಸ್ಕಾರ.